ಓಡಿಸೋದು ಕಡಿಮೆ, ನಿಲ್ಲಿಸೋದು ಜಾಸ್ತಿ: ಗೆಳೆಯರ ಜೊತೆ ಮನೆಗಾಡಿಯಲ್ಲಿ ದಾವಣಗೆರೆ, ಚಿತ್ರದುರ್ಗ ಸುತ್ತುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಹೊರಟಾಗ ನಮ್ಮ ಗಾಡಿ ಜಗಳೂರು ಕಡೆ ಎರೆ ಮಣ್ಣಲ್ಲಿ ಹೂತುಹೋಯಿತು. ಸಂಜೆ ಆರು ಗಂಟೆ. ದೊಡ್ಡ ಬೇವಿನ ಮರ ಕಾಣಿಸಿತು, ಅದರ ಕೆಳಗೆ ಟೀ ಕಾಯಿಸೋಣ ಅಂತ ಟಾರು ಬಿಟ್ಟು ಇಳಿದೆವು. ಕುರಿ ಹೊಡೆದುಕೊಂಡು ಬರುತ್ತಿದ್ದ ಅಜ್ಜ ದೂರದಿಂದಲೇ ಕೂಗಿದ, "ಯಣ್ಣಾ, ಇಳಸಬ್ಯಾಡ್ರಿ, ಎರಿ ಐತಿ!" ನಾವು ಕೈ ಬೀಸಿ ನಕ್ಕೆವು. ಎರಡು ದಿನದ ಹಿಂದೆ ಮಳೆ ಬಂದಿತ್ತು. ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಮಣ್ಣು ಒಳಗೆ ಬೆಣ್ಣೆ ಹಾಗಿತ್ತು. ಹಿಂದಿನ ಗಾಲಿ ಒಂದು ಸುತ್ತು ತಿರುಗಿ ಅರ್ಧ ಮುಳುಗಿತು. ಟ್ರ್ಯಾಕ್ಟರ್ ಸಿಕ್ಕಿದ್ದು ರಾತ್ರಿ ಒಂಬತ್ತಕ್ಕೆ. ಅಜ್ಜ ಅಷ್ಟೊತ್ತೂ ಕಂಬಳಿ ಹೊದ್ದು ನಮ್ಮ ಜೊತೆಗೇ ಕೂತಿದ್ದ. ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ.

ಮನೆಗಾಡಿ ಅಂದರೆ ಕ್ಯಾರವಾನ್. ನಾವು ಹಾಗೇ ಕರೆಯೋದು. ಅದನ್ನು ಓಡಿಸೋದು ಯಾರಿಗೂ ಕಷ್ಟ ಅಲ್ಲ, ಎಲ್ಲಿ, ಯಾವಾಗ, ಹೇಗೆ ನಿಲ್ಲಿಸಬೇಕು ಅನ್ನೋದು ಕಷ್ಟ. ನಾಲ್ಕು ಸಲ ಹೋಗಿಬಂದ ಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಲೆಕ್ಕ ಆರು ಜನಕ್ಕೆ, ಆರು ದಿನಕ್ಕೆ, ಸುಮಾರು 450ರಿಂದ 500 ಕಿಲೋಮೀಟರಿಗೆ. ಇಷ್ಟು ದೂರ ಒಂದೇ ದಿನದಲ್ಲಿ ಓಡಿಸಿಬಿಡಬಹುದಲ್ವಾ ಅಂತ ಕೇಳುವ ಗೆಳೆಯ ನಿಮ್ಮ ಗುಂಪಲ್ಲೂ ಇರುತ್ತಾನೆ. ಅವನಿಗೆ ಸ್ಟೀರಿಂಗ್ ಕೊಡಬೇಡಿ.

ಹೆಜ್ಜೆ 1: ಗಾಡಿ ಆರಿಸುವುದು

ನಮ್ಮ ಕಡೆ ಸಿಗೋದು ಹೆಚ್ಚಾಗಿ ಟೆಂಪೋ ಟ್ರಾವೆಲರ್ ಮೈಮೇಲೆ ಕಟ್ಟಿದ ಗಾಡಿ. ಒಳಗೆ ಮಂಚ, ಒಲೆ, ಸಿಂಕು, ಸಣ್ಣ ಫ್ರಿಜ್ಜು, ಕೆಲವದರಲ್ಲಿ ಟಾಯ್ಲೆಟ್. ಫೋಟೋ ನೋಡಿ ಮುಂಗಡ ಕೊಡಬೇಡಿ. ಹೋಗಿ ನೋಡಿ, ಎಲ್ಲರೂ ಒಂದು ಸಲ ಒಳಗೆ ಮಲಗಿ ನೋಡಿ. ನಮ್ಮಲ್ಲಿ ಒಬ್ಬ ಆರಡಿ ಇದ್ದಾನೆ. ಅವನ ಕಾಲು ಮೊದಲ ಸಲ ಪೂರ್ತಿ ಟೂರು ಸಿಂಕಿನ ಕೆಳಗೇ ಇತ್ತು.

ನಂಬರ್ ಪ್ಲೇಟ್ ನೋಡಿ. ಹಳದಿ ಬೋರ್ಡ್ ಮೇಲೆ ಕಪ್ಪು ಅಕ್ಷರ ಇದ್ದರೆ ಡ್ರೈವರ್ ಸಮೇತ ಬಾಡಿಗೆ ಗಾಡಿ. ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇದ್ದರೆ ನೀವೇ ಓಡಿಸಬಹುದಾದ ಬಾಡಿಗೆ ಗಾಡಿ. ಬಿಳಿ ಬೋರ್ಡಿನದನ್ನು ಯಾರಾದರೂ ಬಾಡಿಗೆಗೆ ಕೊಡ್ತೀನಿ ಅಂದರೆ ಬೇಡ. ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ. ಲೈಸೆನ್ಸ್ ಬಗ್ಗೆ ಗಾಬರಿ ಬೇಡ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ, ಅಂದರೆ ಕಾರಿಗೆ ಕೊಡುವ ಲಘು ವಾಹನದ ಲೈಸೆನ್ಸ್ ಸಾಕು. ಬಾಡಿಗೆ ಗಾಡಿಗೂ ಅದೇ ನಡೆಯುತ್ತದೆ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಾಡಿ ಎತ್ತರ ಕೇಳಿ, ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಮುಂದೆ ಅಂಟಿಸಿ. ಛಾವಣಿ ಮೇಲೆ ಏಸಿ ಇದ್ದರೆ ಹತ್ತಡಿ ಹತ್ತಿರ ಬರುತ್ತದೆ. ದಾವಣಗೆರೆಯಲ್ಲಿ ಹಳೇ ಊರಿಗೂ ಹೊಸ ಊರಿಗೂ ನಡುವೆ ರೈಲು ಹಳಿ ಇದೆ. ಮ್ಯಾಪ್ ತೋರಿಸಿದ ಕಡೆ ಕಣ್ಣು ಮುಚ್ಚಿ ಹೋದರೆ ಯಾವುದೋ ಕೆಳಸೇತುವೆ ಮುಂದೆ ನಿಂತು, ಹಿಂದೆ ಹತ್ತು ಆಟೋ ಹಾರ್ನ್ ಹೊಡೆಯುವಾಗ ರಿವರ್ಸ್ ತೆಗೆಯಬೇಕಾಗುತ್ತದೆ.

ಮತ್ತೊಂದು ಮಾತು. ಎಷ್ಟು ಸೀಟು, ಎಷ್ಟು ಬೆಲ್ಟು ಇದೆಯೋ ಅಷ್ಟೇ ಜನ. ಗಾಡಿ ಓಡುವಾಗ ಮಂಚದ ಮೇಲೆ ಮಲಗುವುದು, ಒಲೆ ಹಚ್ಚುವುದು ಎರಡೂ ಇಲ್ಲ.

ಹೆಜ್ಜೆ 2: ಖಾತೆ ಹಂಚಿಕೆ

ಹೊರಡುವ ವಾರ ಮುಂಚೆ ಎಲ್ಲರೂ ಕೂತು ಮಂತ್ರಿಮಂಡಲ ಮಾಡಿಕೊಳ್ಳಿ. ತಮಾಷೆ ಅಲ್ಲ. ನೀರಿನ ಖಾತೆ, ಕರೆಂಟ್ ಖಾತೆ, ಅಡುಗೆ ಖಾತೆ, ಹಣಕಾಸು, ಕಸ, ದಾರಿ. ಆರು ಜನಕ್ಕೆ ಆರು. ಮೂರನೇ ದಿನ ಖಾತೆ ಬದಲಾವಣೆ ಆಗಲೇಬೇಕು, ಇಲ್ಲದಿದ್ದರೆ ಕಸದ ಖಾತೆಯವನು ರಾಜೀನಾಮೆ ಕೊಡುತ್ತಾನೆ.

ದುಡ್ಡು ಎಲ್ಲರೂ ಮುಂಚೆಯೇ ಸಮಾ ಹಾಕಿ ಒಬ್ಬನ ಕೈಗೆ ಕೊಡಿ. ಟೀಗೆ ನಾನು ಕೊಟ್ಟೆ, ಡೀಸೆಲ್‌ಗೆ ನೀನು ಕೊಟ್ಟೆ ಅನ್ನೋ ಲೆಕ್ಕ ಎರಡನೇ ದಿನವೇ ಮುಖ ಗಂಟು ಹಾಕಿಸುತ್ತದೆ. ಕುಡಿಯುವವರು, ಕುಡಿಯದವರು ಇಬ್ಬರೂ ಇದ್ದರೆ ಆ ಖರ್ಚು ಈ ಡಬ್ಬಿಯಿಂದ ಹೊರಗೆ. ಕುಡಿದವನು ಮಾರನೇ ದಿನ ಬೆಳಗ್ಗೆ ಕೂಡ ಓಡಿಸಬಾರದು, ಅದನ್ನು ಹೊರಡುವ ಮುಂಚೆಯೇ ಒಪ್ಪಿಸಿಕೊಳ್ಳಿ.

ಹೆಜ್ಜೆ 3: ನೀರು, ಕರೆಂಟು, ಗ್ಯಾಸು

ಚಿತ್ರದುರ್ಗ ಸೀಮೆ ಮಳೆ ನೆರಳಿನದು. ಊರೂರಲ್ಲಿ ಬೋರಿನ ನೀರು ಸಿಗಬಹುದು, ಆದರೆ ಕೇಳಿ ತಗೊಳ್ಳಬೇಕು. ಕುಡಿಯೋಕೆ ತಲೆಗೆ 4 ಲೀಟರ್ ಲೆಕ್ಕ ಹಾಕಿ 20 ಲೀಟರ್ ಕ್ಯಾನುಗಳನ್ನು ಬೇರೆಯೇ ಇಡಿ. ಬಳಸೋಕೆ ತಲೆಗೆ 15 ಲೀಟರ್ ಅಂದರೂ ಆರು ಜನಕ್ಕೆ ದಿನಕ್ಕೆ 90 ಲೀಟರ್ ಬೇಕು. ಗಾಡಿ ಟ್ಯಾಂಕು 100 ಲೀಟರಿನದಾಗಿದ್ದರೆ ದಿನವೂ ತುಂಬಿಸಬೇಕು ಅಂತ ಅರ್ಥ. ಸ್ನಾನ ಗಾಡಿಯಲ್ಲಿ ಬೇಡ. ದಿನ ಬಿಟ್ಟು ದಿನ ಯಾವುದಾದರೂ ಲಾಡ್ಜಿನಲ್ಲಿ ಎರಡು ತಾಸಿಗೆ ಒಂದು ರೂಮು ತಗೊಳ್ಳಿ, ಆರೂ ಜನ ಬಿಸಿನೀರು ಹಾಕಿಕೊಳ್ಳಿ, ಫೋನ್ ಚಾರ್ಜ್ ಮಾಡಿ, ಹೊರಡಿ.

ಕರೆಂಟ್ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ, ಕೇಳಿ. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರೋದು 1,800 ವ್ಯಾಟ್ ಅವರ್. ಆಸಿಡ್ ಬ್ಯಾಟರಿ ಆದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಇಪ್ಪತ್ತು ವ್ಯಾಟಿನ ಮೂರು ಫ್ಯಾನು ಎಂಟು ತಾಸು ಓಡಿದರೆ 480 ಹೋಯಿತು. ಲೈಟು, ಆರು ಫೋನು ಸೇರಿ ಇನ್ನೊಂದು 300. ಬೆಳಗಾಗುವಷ್ಟರಲ್ಲಿ ಖಾಲಿ. ಫ್ರಿಜ್ಜನ್ನು ರಾತ್ರಿ ಆರಿಸಿಡೋದು ಇದಕ್ಕೇ. ಒಂದು ಟನ್ ಏಸಿ ಒಂದು ಸಾವಿರ ವ್ಯಾಟ್ ಮೇಲೇ ಎಳೆಯುತ್ತದೆ, ಈ ಬ್ಯಾಟರಿಯಲ್ಲಿ ಒಂದು ತಾಸೂ ಓಡಲ್ಲ. ಹಾಗಾಗಿ ಏಸಿ ಇದೆ ಅಂತ ಏಪ್ರಿಲ್‌ನಲ್ಲಿ ಹೊರಡಬೇಡಿ. ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಹೋಗಿ, ಕಿಟಕಿ ತೆಗೆದಿಟ್ಟು ಮಲಗಿ, ಸೊಳ್ಳೆ ಪರದೆ ಹಾಕಿಕೊಳ್ಳಿ.

ರಾತ್ರಿ ಇಂಜಿನ್ನಾಗಲಿ ಜನರೇಟರ್ ಆಗಲಿ ಹಾಕಿಕೊಂಡು ಮಲಗಲೇಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತಿದ್ದು ಜನರೇಟರ್ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ನಿಂದ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗಲ್ಲ.

ಗ್ಯಾಸಿಗೆ 5 ಕೆ.ಜಿ. ಸಣ್ಣ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗಲ್ಲ, ನೆಲದ ಮೇಲೆ ಹರಡಿಕೊಂಡು ಕೂರುತ್ತದೆ. ಮೇಲಿನ ಕಿಟಕಿ ತೆಗೆದರೆ ಸಾಲದು, ಬಾಗಿಲೇ ತೆಗೆದಿಡಬೇಕು. ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿದ್ದೀರಾ ಅಂತ ಅಡುಗೆ ಖಾತೆಯವನನ್ನು ದಿನವೂ ಕೇಳಿ, ಅವನಿಗೆ ಸಿಟ್ಟು ಬಂದರೂ ಸರಿ.

ಟಾಯ್ಲೆಟ್ ಇದ್ದರೂ ಅದು ರಾತ್ರಿಯ ತುರ್ತಿಗೆ ಮಾತ್ರ. ಪೆಟ್ರೋಲ್ ಬಂಕು, ಸುಲಭ ಶೌಚಾಲಯ ಬಳಸಿ. ಡಬ್ಬಿ ತುಂಬಿದರೆ ಅಲ್ಲೇ ಕೇಳಿ ಖಾಲಿ ಮಾಡಿ. ಕೆರೆಗೆ, ಹಳ್ಳಕ್ಕೆ ಸುರಿದರೆ ಮುಂದಿನ ಸಲ ಆ ಊರಿನವರು ನಿಮ್ಮನ್ನಲ್ಲ, ನಮ್ಮನ್ನು ಓಡಿಸುತ್ತಾರೆ.

ಹೆಜ್ಜೆ 4: ಡಬ್ಬಿಗೆ ಏನು ತುಂಬಬೇಕು

ದಾವಣಗೆರೆಯವರಿಗೆ ಇದರಲ್ಲಿ ದೇವರೇ ವರ ಕೊಟ್ಟಿದ್ದಾನೆ, ಮಂಡಕ್ಕಿ. ಭಟ್ಟಿಯಿಂದ ನೇರ ಒಂದು ದೊಡ್ಡ ಚೀಲ ತನ್ನಿ. ತೂಕ ಇಲ್ಲ, ಕೆಡಲ್ಲ, ಗ್ಯಾಸು ಹೆಚ್ಚು ಕೇಳಲ್ಲ. ಒಗ್ಗರಣೆ ಹೀಗೆ ಮಾಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಶೇಂಗಾ ಎಣ್ಣೆಯಲ್ಲಿ ಬಾಡಿಸಿ, ಅರಿಶಿನ ಉಪ್ಪು ಹಾಕಿ ಒಲೆ ಆರಿಸಿಬಿಡಿ. ಮಂಡಕ್ಕಿಯನ್ನು ಬೋಗುಣಿ ನೀರಲ್ಲಿ ಮುಳುಗಿಸಿ, ಕೂಡಲೇ ಎರಡೂ ಕೈಯಲ್ಲಿ ಹಿಂಡಿ ಬಾಣಲೆಗೆ ಹಾಕಿ. ನೆನೆಯೋಕೆ ಬಿಟ್ಟರೆ ಅಂಬಲಿ ಆಗುತ್ತದೆ. ಮೇಲೆ ಪುಟಾಣಿ ಪುಡಿ ಉದುರಿಸಿ, ನಿಂಬೆ ಹಿಂಡಿ. ಆರು ಜನಕ್ಕೆ ಹತ್ತು ನಿಮಿಷ. ಹಿಂಡಿದ ನೀರನ್ನು ಚೆಲ್ಲಬೇಡಿ, ಬಾಣಲೆ ತೊಳೆಯೋಕೆ ಬೇಕು.

ಇದರ ಜೊತೆ ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು. ಮಧ್ಯಾಹ್ನದ ಊಟ ಮಾತ್ರ ಖಾನಾವಳಿಯಲ್ಲಿ. ಮೂರೂ ಹೊತ್ತು ಗಾಡಿಯಲ್ಲೇ ಬೇಯಿಸ್ತೀವಿ ಅನ್ನುವ ಉತ್ಸಾಹ ಪಾತ್ರೆ ತೊಳೆಯುವವರೆಗೆ ಮಾತ್ರ.

ಬೆಣ್ಣೆ ದೋಸೆ ಹೊರಡುವ ದಿನ ಬೆಳಗ್ಗೆ ಊರಲ್ಲೇ ತಿನ್ನಿ. ಆದರೆ ಎರಡೇ. ಮೂರನೆಯದು ತಿಂದವನು ಹರಿಹರ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ.

ಹೆಜ್ಜೆ 5: ದಾರಿ

ಮೊದಲ ದಿನ ಹರಿಹರ, ಸಂತೆಬೆನ್ನೂರು, ಸೂಳೆಕೆರೆ. ಹರಿಹರ ದಾವಣಗೆರೆಯಿಂದ 14 ಕಿಲೋಮೀಟರ್. ಹೆದ್ದಾರಿಯಲ್ಲಿ ಗಾಡಿಯ ಕೈ ಹಿಡಿತ ಸಿಗೋಕೆ ಇಷ್ಟು ದೂರ ಹದವಾಗಿದೆ. ಹರಿಹರೇಶ್ವರ ಗುಡಿ 1224ರ ಹೊತ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಮಂಟಪದ ಕಂಬಗಳ ನುಣುಪಿಗೆ ಕೈ ಆಡಿಸಿ, ತಂಪಿಗೆ ಸ್ವಲ್ಪ ಹೊತ್ತು ಕೂತು, ಬಂದ ದಾರಿಯಲ್ಲೇ ವಾಪಸ್ ದಾವಣಗೆರೆ ಕಡೆಯಿಂದ ಸಂತೆಬೆನ್ನೂರಿಗೆ ಹೋಗಿ. ಅಲ್ಲಿಯ ಪುಷ್ಕರಣಿ 16ನೇ ಶತಮಾನದ್ದು, ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನಡುವೆ ನೀರಲ್ಲಿ ವಸಂತ ಮಂಟಪ, ಪಕ್ಕದಲ್ಲೇ ಬಿಜಾಪುರದವರ ಕಾಲದ ಮುಸಾಫಿರ್‌ಖಾನಾ. ಫೋಟೋಕ್ಕೆ ಸಂಜೆ ನಾಲ್ಕರ ಬಿಸಿಲು ಒಳ್ಳೆಯದು. ಅಲ್ಲಿಂದ ಸೂಳೆಕೆರೆ ಹತ್ತಿರ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದ್ದು ಅಂತ ಕತೆ. ಎರಡು ಗುಡ್ಡದ ನಡುವಿನ ಏರಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ, ತಿರುಗಿ ನೀರು ನೋಡಿದರೆ ಆಚೆ ದಡ ಕಾಣಿಸಲ್ಲ. ಏರಿ ಮೇಲೆ ಗಾಡಿ ನಿಲ್ಲಿಸಬೇಡಿ. ರಾತ್ರಿಗೆ ಚನ್ನಗಿರಿ.

ಎರಡನೇ ದಿನ ಹೊಳಲ್ಕೆರೆ ಮೇಲೆ ಚಿತ್ರದುರ್ಗ. ಮಧ್ಯಾಹ್ನಕ್ಕೆ ತಲುಪಿ, ಊಟ ಮಾಡಿ ಚಂದ್ರವಳ್ಳಿಗೆ ಹೋಗಿ. ಇಲ್ಲಿ ಶಾತವಾಹನರ ನಾಣ್ಯ ಸಿಕ್ಕಿವೆ, ರೋಮನ್ ನಾಣ್ಯವೂ ಸಿಕ್ಕಿವೆ. ಕದಂಬರ ಮಯೂರಶರ್ಮನ ಬಂಡೆ ಶಾಸನ ಇದೆ. ಅಂಕಲಿ ಮಠದ ಗುಹೆಗೆ ಇಳಿಯೋಕೆ ಟಾರ್ಚ್ ಬೇಕು. ಮೊಬೈಲ್ ಲೈಟ್ ಸಾಲದು, ಒಳಗೆ ಬಗ್ಗಿ ನಡೆಯುವಾಗ ಎರಡೂ ಕೈ ಖಾಲಿ ಇರಬೇಕು, ತಲೆಗೆ ಕಟ್ಟುವ ಟಾರ್ಚಾದರೆ ಇನ್ನೂ ಒಳ್ಳೆಯದು.

ಮೂರನೇ ದಿನ ಪೂರ್ತಿ ಕೋಟೆಗೆ. ಇಲ್ಲಿ ಅವಸರ ಮಾಡಿದರೆ ಸುಮ್ನೆ ಬಂದ ಹಾಗೆ. ಮನೆಗಾಡಿಯನ್ನು ಕೋಟೆ ಬಾಗಿಲಿಗೆ ತರಬೇಡಿ. ರಾತ್ರಿ ನಿಲ್ಲಿಸಿದ ಜಾಗದಲ್ಲೇ ಬಿಟ್ಟು ಎರಡು ಆಟೋ ಮಾಡಿಕೊಂಡು ಬನ್ನಿ. ಟಿಕೆಟ್ ಕೌಂಟರ್ ತೆಗೆಯುವ ಹೊತ್ತಿಗೆ ಅಲ್ಲಿರಿ. ಹತ್ತೂವರೆ ಮೇಲೆ ಬಂಡೆ ಕಾದು ಹಂಚಾಗುತ್ತದೆ.

ಒಳಗೆ ಹೋಗುತ್ತಿದ್ದ ಹಾಗೆ ದಾರಿ ಹಾವಿನ ಹಾಗೆ ಸುತ್ತುತ್ತದೆ. ಯಾಕೆ ಅಂತ ಗೆಳೆಯರನ್ನು ಕೇಳಿ. ನೇರ ದಾರಿ ಇದ್ದಿದ್ದರೆ ಆನೆ ಓಡಿಬಂದು ಬಾಗಿಲಿಗೆ ಗುದ್ದುತ್ತಿತ್ತು, ತಿರುವಿನಲ್ಲಿ ಅದಕ್ಕೆ ಓಟ ಸಿಗಲ್ಲ. ಮುಂದೆ ಸಿಡಿಮದ್ದು ಅರೆಯುವ ದೊಡ್ಡ ಬೀಸುವ ಕಲ್ಲು ನೋಡಿ, ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಉಯ್ಯಾಲೆ ಕಂಬ. ಎಲ್ಲರೂ ನೇರ ಓಬವ್ವನ ಕಿಂಡಿಗೆ ಓಡುತ್ತಾರೆ. ನೀವು ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿ. ಅದು ತುಂಬಿ ಕೋಡಿ ಬಿದ್ದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಮಳೆ ಕಡಿಮೆ ಬೀಳುವ ಬಂಡೆ ಮೇಲೆ ನಾಯಕರು ಒಂದು ಊರನ್ನು ಸಾಕಿದ್ದು ಈ ಹೊಂಡಗಳಿಂದ. ಎರಡು ದಿನ ಕ್ಯಾನು ಹೊತ್ತು ನೀರಿನ ಖಾತೆ ನೋಡಿಕೊಂಡವನಿಗೆ ಈ ಜಾಗ ಬೇರೆಯವರಿಗಿಂತ ಚೆನ್ನಾಗಿ ಅರ್ಥ ಆಗುತ್ತದೆ. ನಮ್ಮವನು ಅರ್ಧ ಗಂಟೆ ಅಲ್ಲೇ ನಿಂತಿದ್ದ.

ಆಮೇಲೆ ಕಿಂಡಿ. ಗಂಡ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದಾಗ ನೀರಿಗೆ ಬಂದ ಓಬವ್ವ ಹೈದರಾಲಿ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು ಒನಕೆ ಎತ್ತಿದ ಕತೆ ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಗುಂಪಲ್ಲಿ ದಪ್ಪಗಿರುವ ಗೆಳೆಯನನ್ನು ಒಮ್ಮೆ ತೂರಿಸಿ ನೋಡಿ. ಸೈನ್ಯ ಯಾಕೆ ಸಾಲಾಗಿ ಒಬ್ಬೊಬ್ಬನೇ ಬರಬೇಕಾಯಿತು ಅಂತ ಆಗ ತಿಳಿಯುತ್ತದೆ. ಕೋಟೆ ಕೊನೆಗೆ 1779ರಲ್ಲಿ ಹೈದರನ ಕೈ ಸೇರಿತು.

ತುಪ್ಪದ ಕೊಳದ ಬತೇರಿ (ಕೋಟೆಯ ಕಾವಲು ಬುರುಜು) ಹತ್ತುವುದು ಕಾಲು ಗಟ್ಟಿ ಇದ್ದವರಿಗೆ ಮಾತ್ರ. ಬಂಡೆಯಲ್ಲಿ ಪಾದ ಇಡುವಷ್ಟೇ ಕೊರೆದ ಗುಳಿಗಳಿವೆ. ಮಳೆ ಬಂದಿದ್ದರೆ ಬೇಡ. ಚಪ್ಪಲಿಯಲ್ಲಿ ಬೇಡ. ಹತ್ತುವುದಕ್ಕಿಂತ ಇಳಿಯೋದು ಕಷ್ಟ, ಕೂತು ಇಳಿಯೋದಕ್ಕೆ ನಾಚಿಕೆ ಪಡಬೇಡಿ. ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದು ಕೋಟೆಯಲ್ಲಿ ತಿರುಗಿದರೆ ಕೋತಿ ಕಿತ್ತುಕೊಂಡು ಹೋಗುತ್ತದೆ, ಚೀಲದೊಳಗಿರಲಿ. ಸಂಜೆ ವಿಶ್ರಾಂತಿ. ಜೋಗಿಮಟ್ಟಿಗೆ ಹೋಗುವ ಆಸೆ ಇದ್ದರೆ ಅರಣ್ಯ ಇಲಾಖೆ ಗೇಟಿನ ಸಮಯ ಕೇಳಿಕೊಂಡು, ಸಣ್ಣ ಗಾಡಿಯಲ್ಲಿ ಹೋಗಿ.

ನಾಲ್ಕನೇ ದಿನ ಹಿರಿಯೂರು ಮೇಲೆ ವಾಣಿವಿಲಾಸ ಸಾಗರ, ನಮ್ಮ ಮಾರಿ ಕಣಿವೆ. ವೇದಾವತಿಗೆ ಅಡ್ಡ 1907ರಲ್ಲಿ ಕಟ್ಟಿ ಮುಗಿಸಿದ್ದು. ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಆಗ ಮೂರು ಜಿಲ್ಲೆಯ ಜನ ಜಾತ್ರೆ ಹಾಗೆ ಬಂದು ನೋಡಿದರು. ಕಣಿವೆ ಮಾರಮ್ಮನಿಗೆ ಕೈ ಮುಗಿದು, ರಾತ್ರಿಗೆ ಹಿರಿಯೂರಿಗೆ ವಾಪಸ್ ಬನ್ನಿ.

ಐದನೇ ದಿನ ಚಳ್ಳಕೆರೆ, ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ. ಮಧ್ಯೆ ನೋಡೋಕೆ ಏನೂ ಇಲ್ಲ ಅಂತ ಕೆಲವರು ಇದನ್ನು ಬಿಡುತ್ತಾರೆ. ನನ್ನ ಕೇಳಿದರೆ ಕೋಟೆ ಆದ ಮೇಲೆ ಇದೇ. ಸುತ್ತ ಕುರುಚಲು, ಕುರಿ, ಬಂಡೆ. ಆ ಬಂಡೆ ಮೇಲೆ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಇದನ್ನು ಪತ್ತೆ ಹಚ್ಚಿದರು. ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿ ಸುವರ್ಣಗಿರಿಯಿಂದ, ಆಗ ಇಲ್ಲಿದ್ದ ಇಸಿಲ ಪಟ್ಟಣದ ಅಧಿಕಾರಿಗಳಿಗೆ ಬಂದ ಆಜ್ಞೆ, ಅಪ್ಪ ಅಮ್ಮನ ಮಾತು ಕೇಳಿ, ಸತ್ಯ ಹೇಳಿ ಅಂತ ಇದೆ. ಬರೆದವನು ಚಪಡ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ ಕೆತ್ತಿ, ಕೊನೆಗೆ 'ಲಿಪಿಕಾರ' ಅನ್ನೋ ಪದ ಮಾತ್ರ ಖರೋಷ್ಠಿಯಲ್ಲಿ ಹಾಕಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ. ಎಲ್ಲಿಯ ವಾಯವ್ಯ ಗಡಿ, ಎಲ್ಲಿಯ ಮೊಳಕಾಲ್ಮೂರು! ದೂರ ಪ್ರಯಾಣದ ಬಗ್ಗೆ ನಮ್ಮ ಮನೆಗಾಡಿಯವರು ಜಂಬ ಪಡೋಕೆ ಏನಿಲ್ಲ.

ಸೀರೆ ತರಬೇಕು ಅಂತ ಮನೆಯಲ್ಲಿ ಹೇಳಿದ್ದರೆ ಮೊಳಕಾಲ್ಮೂರಲ್ಲಿ ತಗೊಳ್ಳಿ, ಮರೆತರೆ ಪರಿಣಾಮ ನಿಮಗೇ ಗೊತ್ತು.

ಆರನೇ ದಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ದರ್ಶನ ಮಾಡಿ ಜಗಳೂರು ಮೇಲೆ ದಾವಣಗೆರೆ. ಮಾರ್ಚಿನ ಜಾತ್ರೆ ಸಮಯದಲ್ಲಿ ಮಾತ್ರ ಮನೆಗಾಡಿ ಈ ಕಡೆ ತರಬೇಡಿ. ಜಗಳೂರು ದಾರಿಯಲ್ಲಿ ಬೇವಿನ ಮರ ಕಂಡರೆ ಏನು ಮಾಡಬಾರದು ಅಂತ ಮೊದಲೇ ಹೇಳಿದ್ದೇನೆ.

ಹೆಜ್ಜೆ 6: ರಾತ್ರಿ ನಿಲ್ಲಿಸುವುದು

ದಿನಕ್ಕೆ 100 ಕಿಲೋಮೀಟರ್ ಮೀರಬೇಡಿ, ಕೊನೇ ದಿನ ಸ್ವಲ್ಪ ಹೆಚ್ಚಾದರೂ ಸರಿ. ಸಂಜೆ ಐದಕ್ಕೆ ಜಾಗ ಹುಡುಕಿ, ಆರಕ್ಕೆ ಇಂಜಿನ್ ಬಂದ್. ಕತ್ತಲಾದ ಮೇಲೆ ಹುಡುಕಿದ ಜಾಗ ಬೆಳಗ್ಗೆ ನೋಡಿದರೆ ಯಾರದೋ ಕಣ ಆಗಿರುತ್ತದೆ.

ನಮ್ಮ ಅನುಭವದಲ್ಲಿ ಒಳ್ಳೇ ಜಾಗ ಮೂರು. ಲಾಡ್ಜಿನ ಕಾಂಪೌಂಡು ಮೊದಲನೆಯದು, ಸ್ನಾನಕ್ಕೆ ಒಂದು ರೂಮು ತಗೊಂಡರೆ ಗಾಡಿ ನಿಲ್ಲಿಸೋಕೆ ಬೇಡ ಅನ್ನಲ್ಲ. ಎರಡು, ದೊಡ್ಡ ಪೆಟ್ರೋಲ್ ಬಂಕು. ಡೀಸೆಲ್ ಅಲ್ಲೇ ಹಾಕಿಸಿ, ಆಮೇಲೆ ಕೇಳಿ. ಕ್ರಮ ಮುಖ್ಯ. ಬಂಕಿನಲ್ಲಿ ನಿಂತ ರಾತ್ರಿ ಒಲೆ ಹಚ್ಚುವಂತಿಲ್ಲ, ರೊಟ್ಟಿ ಮೊಸರು ಸಾಕು. ಮೂರು, ಮಠ, ಗುಡಿಗಳ ಬಯಲು. ಇಲ್ಲಿ ಹೋಗಿ, "ಸ್ವಾಮಿ, ನಾವು ದಾವಣಗೆರೆಯವರು, ಆರು ಜನ, ಒಂದು ರಾತ್ರಿ ಗಾಡಿ ನಿಲ್ಲಿಸ್ತೀವಿ, ಬೆಳಗ್ಗೆ ಆರಕ್ಕೆ ಹೊರಡ್ತೀವಿ" ಅಂತ ಊರು, ಲೆಕ್ಕ, ಹೊರಡುವ ಹೊತ್ತು ಮೂರೂ ಹೇಳಿ ಕೇಳಿದರೆ ಇಲ್ಲ ಅಂದವರು ನಮಗೆ ಸಿಕ್ಕಿಲ್ಲ. ಅಲ್ಲಿ ಮದ್ಯ, ಮಾಂಸ, ಸ್ಪೀಕರ್ ಮೂರೂ ಇಲ್ಲ.

ನಿಲ್ಲಿಸಬಾರದ ಜಾಗ: ಹೆದ್ದಾರಿ ಅಂಚು, ಕೆರೆ ಅಂಗಳ, ಕಾಡು, ಹೊಲದ ಬದು. ಟಾರು ಬಿಟ್ಟು ಇಳಿಯುವ ಮುಂಚೆ ಒಬ್ಬ ಇಳಿದು ಹಿಮ್ಮಡಿಯಿಂದ ನೆಲಕ್ಕೆ ಬಲವಾಗಿ ಗುದ್ದಲಿ. ಹಿಮ್ಮಡಿ ಒಳಗೆ ಹೋದರೆ ಗಾಡಿಯೂ ಹೋಗುತ್ತದೆ. ಮಣ್ಣು ಕೆಂಪಾಗಿ ಗರಸು ಇದ್ದರೆ ಪರವಾಗಿಲ್ಲ, ಕಪ್ಪಗಿದ್ದರೆ ಬೇಡವೇ ಬೇಡ. ಗಾಡಿಯ ಮುಖ ಯಾವಾಗಲೂ ಹೊರ ದಾರಿ ಕಡೆ ಇರಲಿ. ಗಾಲಿಗೆ ಕಲ್ಲು ಕೊಡಿ, ಬೆಳಗ್ಗೆ ಅದನ್ನು ತೆಗೆಯೋದು ಮರೆಯಬೇಡಿ. ಕುರಿಯ ಅಜ್ಜ ಯಾರಾದರೂ ಕೂಗಿದರೆ ಬ್ರೇಕ್ ಹಾಕಿ, ಇಳಿದು, ಹತ್ತಿರ ಹೋಗಿ ಕೇಳಿಸಿಕೊಳ್ಳಿ.

ಹೆಜ್ಜೆ 7: ಗಾಡಿ ವಾಪಸ್ ಕೊಡುವುದು

ಹೊರಡುವ ದಿನವೇ ಗಾಡಿಯ ನಾಲ್ಕೂ ಕಡೆ, ಒಳಗೆ, ಟೈರು, ಮೀಟರು ವಿಡಿಯೋ ಮಾಡಿಟ್ಟುಕೊಂಡಿರಿ. ನಮಗೆ ಒಮ್ಮೆ ಹಳೇ ಗೀರಿಗೆ ಡೆಪಾಸಿಟ್ ಹಿಡಿದರು, ವಿಡಿಯೋ ಇರಲಿಲ್ಲ. ವಾಪಸ್ ಕೊಡುವ ಮುಂಚೆ ಟಾಯ್ಲೆಟ್ ಡಬ್ಬಿ ಖಾಲಿ ಮಾಡಿ ತೊಳೆಯಿರಿ, ಫ್ರಿಜ್ಜಿನ ಬಾಗಿಲು ತೆಗೆದಿಡಿ, ಫಾಸ್ಟ್‌ಟ್ಯಾಗ್‌ನಲ್ಲಿ ಎಷ್ಟು ಟೋಲ್ ಕಡಿತ ಆಗಿದೆ ಅಂತ ಮಾಲೀಕರ ಎದುರೇ ನೋಡಿ. ಹಾಸಿಗೆ ಎತ್ತಿ ಗುಡಿಸಿ. ಎಷ್ಟೇ ಗುಡಿಸಿದರೂ ಮಂಡಕ್ಕಿ ಕಾಳು ಉಳಿಯುತ್ತವೆ, ಅದಕ್ಕೆ ಡೆಪಾಸಿಟ್ ಹಿಡಿಯಲ್ಲ.